ಗೇಟಿನಲ್ಲಿ ಬಿಟ್ಟ ಚಪ್ಪಲಿ

ಕಳೆದ ವಾರ ಚನ್ನಗಿರಿಯಲ್ಲಿ ಚಪ್ಪಲಿ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಡಬ್ಬಿ ತೆರೆದು ಮುಂದಿಟ್ಟ. ಹೊಸ ಚರ್ಮದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಮೇಷ್ಟ್ರು ನೆನಪಾದರು. ಕೊನೆಯ ತನಕ ಅವರು ಬರಿಗಾಲಲ್ಲೇ ಓಡಾಡುತ್ತಿದ್ದರು.

ನಮ್ಮೂರಿಗೆ ಫುಟ್‌ಬಾಲ್ ಸ್ಟೇಡಿಯಂ ಬಂದದ್ದೇ ಅವರ ಹಟದಿಂದ. ಪಂದ್ಯಾವಳಿಯ ಮೊದಲ ದಿನ ಅಂಗಳಕ್ಕೆ ಪೂಜೆ ಮಾಡಿಸಿ ಕಾಯಿ ಒಡೆಸುತ್ತಿದ್ದರು. ಆಮೇಲೆ ಫೈನಲ್ ಮುಗಿಯುವ ತನಕ ನೋಡಲು ಬಂದವರೆಲ್ಲ ಗೇಟಿನಲ್ಲೇ ಚಪ್ಪಲಿ ಬಿಡಬೇಕು.

"ಪೂಜೆ ಆದ ಜಾಗ ಐತೆ ಕಣ್ರೀ, ಚಪ್ಪಲಿ ಹಾಕ್ಕೊಂಡು ತುಳಿಯಾಕೆ ಹೆಂಗೆ ಮನಸ್ಸು ಬರ್ತೈತೆ?" ಎನ್ನುತ್ತಿದ್ದರು. ನಾವು ನಗುತ್ತಲೇ ಬಿಡುತ್ತಿದ್ದೆವು.

ಆ ವರ್ಷದ ಫೈನಲ್ ಹೊನ್ನಾಳಿಗೂ ಜಗಳೂರಿಗೂ. ನನಗೆ ಮದುವೆಯಾಗಿ ತಿಂಗಳಾಗಿತ್ತಷ್ಟೆ. ಮಾವ ಕೊಡಿಸಿದ ಹೊಸ ಚಪ್ಪಲಿ ಗೇಟಿನಲ್ಲಿತ್ತು, ಆಟಕ್ಕಿಂತ ನನಗೆ ಅದರದೇ ಚಿಂತೆ. ಪಂದ್ಯ ಮುಗಿಯುವ ಹೊತ್ತಿಗೆ ದಪ್ಪ ದಪ್ಪ ಹನಿ ಬಿತ್ತು. ಇದ್ದೊಂದು ಗೇಟಿಗೆ ಜನವೆಲ್ಲ ಒಮ್ಮೆಲೇ ನುಗ್ಗಿದರು. ಎಲ್ಲರಿಗಿಂತ ಮುಂದಿದ್ದ ನಾನು ಚಪ್ಪಲಿ ಹುಡುಕಲು ಬಗ್ಗಿದೆ. ಹಿಂದಿನವರು ನನ್ನ ಮೇಲೆ ಮುಗ್ಗರಿಸಿದರು, ಅವರ ಮೇಲೆ ಮತ್ತೊಬ್ಬರು, ಮತ್ತೊಬ್ಬರು... ಉಸಿರು ಕಟ್ಟಿತು.

"ಚಪ್ಪಲಿ ಬಿಡ್ರೀ! ಬಗ್ಗಬ್ಯಾಡ್ರೀ!" ಮೇಷ್ಟ್ರ ಕೂಗು ಕೇಳಿತು. ಒಂದು ಕೈ ನನ್ನ ಕಾಲರ್ ಹಿಡಿದು ಹೊರಗೆಳೆದು ಹಾಕಿತು. ನೋಡಿದರೆ ಅವರೇ. ನನ್ನ ಹಿಂದೆ ಬಿದ್ದವರಲ್ಲಿ ಮೂವರು ಮತ್ತೆ ಏಳಲಿಲ್ಲ.

ಮೊದಲು ಬಗ್ಗಿದ್ದು ಯಾರು ಎಂದು ವಿಚಾರಣೆಗೆ ಬಂದ ಅಧಿಕಾರಿ ಕೇಳಿದರು. ನಾನು ಅಲ್ಲೇ ನಿಂತಿದ್ದೆ. ಮೇಷ್ಟ್ರು ಒಂದು ಸಲ ನನ್ನ ಕಡೆ ನೋಡಿದರು.

"ಚಪ್ಪಲಿ ಬಿಡಿಸಿದ್ದು ನಾನ್ರೀ. ನನ್ನ ಹೆಸರು ಬರ್ಕೊಳ್ರಿ," ಎಂದರು.

ಬರೆದುಕೊಂಡರು. ಮೇಷ್ಟ್ರ ಕೆಲಸ ಹೋಯಿತು. ಅಂದಿನಿಂದ ಅವರು ಚಪ್ಪಲಿ ಮೆಟ್ಟಲಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ, "ಮನೇಲೆಲ್ಲ ಆರಾಮ ಏನ್ರೀ?" ಎಂದು ಕೇಳುತ್ತಿದ್ದರು. ಆರಾಮ ಎನ್ನುತ್ತಿದ್ದೆ. ಹೇಳಬೇಕಾದದ್ದನ್ನು ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು... ಹೋದ ವರ್ಷ ಅವರು ತೀರಿಕೊಂಡರು. ಈಗ ನಾಚಿಕೆ ಬಿಟ್ಟು ಹೇಳೋಣವೆಂದರೂ ಕೇಳಲು ಅವರಿಲ್ಲ.

"ಹಾಕ್ಕೊಂಡು ನೋಡ್ರಿ ಸಾರ್," ಎಂದ ಅಂಗಡಿಯವನು.

ಹಾಕಿಕೊಳ್ಳಲು ಬಗ್ಗಬೇಕಿತ್ತು. ನನ್ನಿಂದ ಆಗಲಿಲ್ಲ.