ನೀಲಿ ದಾರದ ಕುಂಚಿಗೆ

ಸತ್ತವರು ಬಂದು ಹೋದರು, ಕನಸಿನಲ್ಲಿ ಹೇಳಿದರು ಎನ್ನುವ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಯಾರಾದರೂ ಇಂಥದ್ದನ್ನು ಶುರು ಮಾಡಿದರೆ ಚಹಾ ಇಡುವ ನೆಪದಲ್ಲಿ ಒಳಗೆ ಎದ್ದು ಹೋಗುತ್ತಿದ್ದೆ. ಬೆಳಗಾವಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಅನುಮಾನ ಬಂದರೆ ಇನ್ನೊಮ್ಮೆ ಪರೀಕ್ಷಿಸುವುದು ಅಲ್ಲಿಯ ರೂಢಿ, ನನ್ನ ಸ್ವಭಾವವೂ ಹೌದು. ಈಗ ಬರೆಯುತ್ತಿರುವುದನ್ನೂ ಎಷ್ಟೋ ಸಲ ಹಾಗೆ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ನಿಮಗೆ ನಗು ಬಂದರೆ ನಗಿ, ನನಗೆ ಬೇಸರವಿಲ್ಲ.

ನನ್ನನ್ನು ಬೆಳೆಸಿದವಳು ಖಾನಾಪುರದ ಅಜ್ಜಿ, ಅವ್ವನ ತಾಯಿ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಎಲೆ ಅಡಿಕೆ ಬಿಟ್ಟ ಮೇಲೆ ಅಜ್ಜಿಯ ಬಟ್ಟೆಯ ಚಂಚಿಯಲ್ಲಿ ಸೂಜಿ, ದಾರ, ಸಣ್ಣ ಕತ್ತರಿ, ಬೆರಳಿಗೆ ಹಾಕುವ ಹಿತ್ತಾಳೆಯ ಟೋಪಿ ಬಂದು ಸೇರಿದ್ದವು. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ, ಕನ್ನಡದವರಿರಲಿ, ಮರಾಠಿಯವರಿರಲಿ, ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಯುವ ಕುಂಚಿಗೆ ಅಜ್ಜಿಯ ಕೈಯದೇ ಆಗಬೇಕು. ನನಗೂ ಹೊಲಿಗೆ ಕಲಿಸಲು ಹೋಗಿ ಸೋತಳು. ‘ನಿನ್ನ ಹೊಲಿಗಿ ಎತ್ತು ಉಚ್ಚಿ ಹೊಯ್ದಂಗ ಹೊಂಟೈತಿ ನೋಡವಾ’ ಎಂದು ನಗುತ್ತಿದ್ದಳು.

ನಾನು ಬಸುರಿಯಾದಾಗ ಅಜ್ಜಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಆದರೂ ದಿಂಬಿಗೆ ಒರಗಿಕೊಂಡೇ ಕೆಂಪು ಖಣದ ಕುಂಚಿಗೆ ಹೊಲಿದು ಮಾಮಾನ ಕೈಯಲ್ಲಿ ಕಳಿಸಿದಳು. ಆಸ್ಪತ್ರೆಯಲ್ಲಿ ಅದನ್ನು ಬಿಚ್ಚಿ ನೋಡುವಾಗ, ಗದ್ದದ ಕೆಳಗೆ ಕಟ್ಟುವ ಕಸಿಗಳಲ್ಲಿ ಒಂದು ನನ್ನ ಕೈಗೇ ಕಿತ್ತು ಬಂತು. ಪಕ್ಕದ ಮಂಚದವಳ ಹತ್ತಿರ ಇದ್ದದ್ದು ನೀಲಿ ದಾರ ಮಾತ್ರ. ಅದರಲ್ಲೇ ನಾಲ್ಕು ಹೊಲಿಗೆ ಹಾಕಿದೆ, ಸೊಟ್ಟಗೆ, ಗಂಟುಗಂಟಾಗಿ. ಅಜ್ಜಿ ನೋಡಿದರೆ ಬಿಚ್ಚಿಸದೆ ಬಿಡುವುದಿಲ್ಲ ಎಂದು ಒಬ್ಬಳೇ ನಕ್ಕೆ.

ಮಗಳು ಹುಟ್ಟಿ ಒಂದು ವಾರವೂ ಉಳಿಯಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ನನಗೆ ಮಂಚದಿಂದ ಏಳಲು ಆಗುತ್ತಿರಲಿಲ್ಲ. ಸಾಂಬ್ರಾದಾಚೆಯ ನಮ್ಮ ಹೊಲದಲ್ಲಿ ಮಣ್ಣು ಮಾಡಲು ಕೂಸನ್ನು ಒಯ್ಯುವಾಗ ಗಂಡನ ಕೈಗೆ ಕುಂಚಿಗೆ ಕೊಟ್ಟು, ‘ತಲಿಗಿ ಕಟ್ರಿ, ಥಂಡಿ ಭಾಳ ಐತಿ’ ಎಂದೆ. ಸತ್ತ ಕೂಸಿಗೆ ಥಂಡಿ ಎಲ್ಲಿಯದು ಎಂದು ಅಲ್ಲಿದ್ದ ಯಾರೂ ಅನ್ನಲಿಲ್ಲ. ತಾಯಿಯಾಗಿ ನಾನು ಆ ಮಗುವಿಗೆ ಮಾಡಿದ್ದು ಅದೊಂದೇ. ನನ್ನ ಮಗಳ ತಲೆ ಬೆಚ್ಚಗಿದೆ ಎಂದುಕೊಂಡೇ ಆ ಚಳಿಗಾಲ ಕಳೆದೆ.

ಅಜ್ಜಿಗೆ ಹೇಳುವುದು ಬೇಡವೆಂದು, ಅವಳನ್ನು ನೋಡಿಕೊಳ್ಳುತ್ತಿದ್ದ ಮಾಮಿ ಎಲ್ಲರ ಬಾಯಿ ಕಟ್ಟಿದಳು. ಹೇಳಿದರೆ ಆ ಜೀವ ಅಂದೇ ಹೋಗುತ್ತದೆ ಎಂಬ ಹೆದರಿಕೆ. ಅಜ್ಜಿ ಮಾತ್ರ ವಿಡಿಯೊ ಕಾಲ್ ಮಾಡಿಸಿ, ‘ಕೂಸಿನ ಮಾರಿ ಒಮ್ಮಿ ತೋರ್ಸವಾ’ ಎನ್ನುತ್ತಿದ್ದಳು. ‘ಈಗರ ಮಲಗೇತಿ ಅಜ್ಜಿ’ ಎನ್ನುತ್ತಿದ್ದೆ ನಾನು. ಯಾವಾಗ ಕೇಳಿದರೂ ಮಲಗಿಯೇ ಇರುವ ಕೂಸಿನ ಬಗ್ಗೆ ಅಜ್ಜಿ ಮರುಮಾತು ಆಡಲಿಲ್ಲ. ‘ಮಲಗ್ಲಿ ಬಿಡು, ಎಬ್ಬಿಸಬ್ಯಾಡ’ ಎಂದು ಫೋನು ಇಡುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಅವಳೂ ಹೋದಳು.

ಕಾರ್ಯಗಳೆಲ್ಲ ಮುಗಿದ ಒಂದು ಮಧ್ಯಾಹ್ನ ಮಾಮಿ ಆ ಚಂಚಿಯನ್ನೂ ಚಿಂದಿ ಬಟ್ಟೆಗಳ ಒಂದು ಗಂಟನ್ನೂ ತಂದು ನನ್ನ ಮುಂದಿಟ್ಟಳು. ‘ಇವು ನಿನಗ ಅಂತ ಹೇಳಿ ಹೋಗ್ಯಾಳ’ ಎಂದಳು. ಗಂಟು ಬಿಚ್ಚಿದೆ. ಓಣಿಯ ಎಷ್ಟೋ ಕೂಸುಗಳ ಖಣದ ತುಂಡುಗಳ ನಡುವೆ ಮಡಿಸಿಟ್ಟ ಕೆಂಪು ಕುಂಚಿಗೆಯೊಂದು ಸಿಕ್ಕಿತು. ನನಗೇನೂ ಅನ್ನಿಸಲಿಲ್ಲ. ಎರಡು ಹೊಲಿದಿರಬೇಕು, ಒಂದನ್ನು ಇಟ್ಟುಕೊಂಡಿರಬೇಕು ಎಂದುಕೊಂಡೆ. ಮಡಿಕೆ ಬಿಡಿಸಿ ತೊಡೆಯ ಮೇಲೆ ಹರವಿದೆ.

ಆಮೇಲೆ ಕಸಿ ಕಣ್ಣಿಗೆ ಬಿತ್ತು. ನೀಲಿ ದಾರ. ಅದೇ ನಾಲ್ಕು ಹೊಲಿಗೆ, ಅದೇ ಗಂಟುಗಳು. ಅಷ್ಟು ಕೆಟ್ಟದಾಗಿ ಜಗತ್ತಿನಲ್ಲಿ ಇನ್ನೊಬ್ಬರು ಹೊಲಿಯಲಾರರು. ಅವುಗಳನ್ನು ಬಿಚ್ಚಿರಲಿಲ್ಲ. ಕಸಿ ಮತ್ತೆ ಕಿತ್ತು ಬಾರದಂತೆ ಅವುಗಳ ಸುತ್ತ ಕೆಂಪು ದಾರದಲ್ಲಿ ಹೊಲಿದಿದ್ದರು, ಸಾಸಿವೆಯಷ್ಟು ಸಣ್ಣ, ಒಂದೇ ಸಮನಾದ ಹೊಲಿಗೆ. ಅದು ಯಾರ ಕೈ ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಣೆಯ ಅಂಚಿಗೆ ಒಳಗಡೆ ವಿಭೂತಿಯ ಬಿಳುಪು ಹತ್ತಿತ್ತು. ಅಜ್ಜಿಯ ಬೆರಳಿನದೇ ಇರಬಹುದು.

ಇದನ್ನು ಯಾರು ತಂದುಕೊಟ್ಟರು ಎಂದು ಮಾಮಿಯನ್ನು ಕೇಳಿದೆ. ‘ಯಾರ ತರ್ತಾರವಾ? ಗಂಟಿನಾಗ ಇದ್ದದ್ದು’ ಎಂದಳು. ಚಿಂದಿಗಳನ್ನು ಮತ್ತೆ ಗಂಟು ಕಟ್ಟುತ್ತ, ‘ಕಡೀಕಡೀಕ ದಿನಾ ಸೂಜಿಗಿ ದಾರ ಪೋಣಿಸಿ ಕೊಡು ಅನ್ನಾಕಿ. ಏನ ಹೊಲೀತಿ ಅಂದ್ರ, ಕೂಸಿನ ಕಸಿ ಸಡ್ಲ ಆಗೇತಿ ಅನ್ನಾಕಿ. ಭ್ರಮಾ ಹಿಡದೈತಿ ಅಂತ ನಾ ಸುಮ್ಮನಿದ್ದೆ’ ಎಂದಳು. ಮಗಳು ಹೋದ ಮೇಲೆ ಅಜ್ಜಿ ಸಾಯುವವರೆಗೆ ನಮ್ಮ ಮನೆಯಿಂದ ಯಾರೂ ಖಾನಾಪುರಕ್ಕೆ ಹೋಗಿರಲಿಲ್ಲ, ಅಲ್ಲಿಂದಲೂ ಯಾರೂ ಬಂದಿರಲಿಲ್ಲ. ಕೇಳಬಹುದಾದವರನ್ನೆಲ್ಲ ಕೇಳಿ ನೋಡಿದ್ದೇನೆ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ. ಗಂಡ ಮರೆತಿದ್ದಾನೆ. ನನ್ನ ಕೂಸು ಬರಿದಲೆಯಲ್ಲಿ ಮಣ್ಣಿಗೆ ಹೋಗಿದೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಸಂಜೆ ಅವರು ಉದ್ಯಮಬಾಗದ ಕಾರ್ಖಾನೆಯಿಂದ ಮಹಾಂತೇಶ ನಗರದ ಮನೆಗೆ ಬಂದು ಕೈಕಾಲು ತೊಳೆದು ಕೂತಾಗ ಕುಂಚಿಗೆಯನ್ನು ಅವರ ತೊಡೆಯ ಮೇಲಿಟ್ಟೆ. ‘ಅವತ್ತ ಕಟ್ಟಿದ್ರೋ ಇಲ್ಲೋ? ಖರೇ ಹೇಳ್ರಿ’ ಎಂದೆ. ಆ ದಿನದ ಬಗ್ಗೆ ನಾವು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

ಅವರು ಕಸಿಯನ್ನು ಬೆರಳಲ್ಲಿ ಹಿಡಿದು ನೋಡಿದರು. ‘ಕಟ್ಟೇನಿ. ನೀ ಹಾಕಿದ ಹೊಲಿಗಿ ಬಿಚ್ಚೀತಂತ ಜ್ವಾಕಿಲೆ ಕಟ್ಟೇನಿ. ಮಣ್ಣ ಮುಚ್ಚೂಮುಂದೂ ಅದು ತಲಿ ಮ್ಯಾಲ ಇತ್ತು’ ಎಂದರು. ನನ್ನ ಗಂಡ ಸುಳ್ಳು ಹೇಳಿದರೆ ನನಗೆ ತಿಳಿಯುತ್ತದೆ. ಅದು ಸುಳ್ಳು ಹೇಳುವ ಮುಖವಾಗಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಅವರ ಪಕ್ಕದಲ್ಲೇ ಕೂತೆ.

ಬಹಳ ಹೊತ್ತು ಅವರು ಆ ಖಣವನ್ನು ಸವರುತ್ತಲೇ ಇದ್ದರು. ಮಗಳು ಹೋದಾಗ ಅಳದ ಮನುಷ್ಯ. ಈಗ ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಆಮೇಲೆ, ನನ್ನನ್ನಲ್ಲ, ಯಾರನ್ನೋ ಕೇಳುವ ಹಾಗೆ, ‘ಇದು ಇಲ್ಲಿ ಐತಿ ಅಂದ್ರ, ಈಗ ಕೂಸಿನ ತಲಿ ಮ್ಯಾಲ ಏನೈತಿ?’ ಎಂದರು.

ವರ್ಷಗಳೇ ಆದವು. ಈಗಲೂ ಬೆಳಗಾವಿಯಲ್ಲಿ ಚಳಿ ಜೋರಾದಾಗ ನಾವಿಬ್ಬರೂ ನಿದ್ದೆಯಿಲ್ಲದೆ ಮಲಗಿರುತ್ತೇವೆ. ಯಾಕೆ ಎಂದು ಒಬ್ಬರನ್ನೊಬ್ಬರು ಕೇಳುವುದಿಲ್ಲ.