ಅಣ್ಣನ ಲಾರಿಗೊಂದು ಗಾಳಿ ತೋರಿಸುವ ಡಬ್ಬಿ

ನಮ್ಮ ಅಣ್ಣ ದಿನಾಲೂ ಲಾರಿಗೆ ಹೊಡೆಯುತ್ತಾನೆ.

ಗಾಬರಿಯಾಗಬೇಡಿ. ಲಾರಿ ಹತ್ತುವ ಮೊದಲು, ಚಹಾಕ್ಕೆ ನಿಲ್ಲಿಸಿದಲ್ಲೆಲ್ಲ, ಕಬ್ಬಿಣದ ರಾಡು ಹಿಡಿದು ಒಂದು ಸುತ್ತು ಬರುತ್ತಾನೆ. ಆರು ಗಾಲಿಗೂ ಒಂದೊಂದು ಏಟು. ಠಣ್ ಅಂದರೆ ಗಾಳಿ ಸರಿ ಇದೆ, ದಬ್ ಅಂದರೆ ಇಳಿದಿದೆ. ಲಾರಿಗೆ ಇಪ್ಪತ್ತು ವರ್ಷ ದಾಟಿದೆ. ಅಣ್ಣ ಸ್ಟೇರಿಂಗ್ ಹಿಡಿದು ಮೂವತ್ತಾಯಿತು (ವಯಸ್ಸು ಬರೆದರೆ ಬೈಯುತ್ತಾನೆ). ಹಾನಗಲ್ಲಿನಲ್ಲಿ ಬೇರೆ ಡ್ರೈವರುಗಳೂ, "ಫಕ್ಕೀರಪ್ಪಣ್ಣಾರ, ನಮ್ಮದೂ ಒಂದ್ಸಲ ಬಡದ ನೋಡ್ರಿ" ಎಂದು ಕರೆಯುತ್ತಾರೆ. ಇದನ್ನು ನಾನು ಎಷ್ಟು ಜನರ ಮುಂದೆ ಹೇಳಿಕೊಂಡು ಮೆರೆದಿದ್ದೇನೋ ನನಗೇ ನೆನಪಿಲ್ಲ.

ಹೋದ ತಿಂಗಳು ನನಗೆ ಹಿರೇಕೆರೂರಿನಿಂದ ಹಾನಗಲ್ಲಿಗೆ ಟ್ರಾನ್ಸ್‌ಫರ್ ಆಯಿತು. ಮೇಷ್ಟ್ರಗಿತ್ತಿಯ ಸಾಮಾನು ಅಂದರೆ ಗೊತ್ತಲ್ಲ? ಪಾತ್ರೆಗಿಂತ ಪುಸ್ತಕ ಹೆಚ್ಚು. ಎಲ್ಲವನ್ನೂ ಅಣ್ಣನ ಲಾರಿಗೆ ಹೇರಿ, ನಾನೂ ಕ್ಯಾಬಿನ್ ಹತ್ತಿ ಕುಳಿತೆ. ಚಿಕ್ಕೇರೂರಿನಲ್ಲಿ ಚಹಾಕ್ಕೆ ನಿಲ್ಲಿಸಿದ. ರಾಡು ಹಿಡಿದು ಇಳಿದ. ಠಣ್, ಠಣ್, ಠಣ್. ಹಿಂದಿನ ಜೋಡಿಯಲ್ಲಿ ಒಳಗಿನ ಗಾಲಿಗೆ ಹೊಡೆದಾಗ, ದಬ್.

ನನಗೆ ಕೇಳಿಸಿತು. ಗಾಲಿಯ ವಿಷಯದಲ್ಲಿ ಏನೇನೂ ತಿಳಿಯದ ನನಗೆ ಸ್ಪಷ್ಟವಾಗಿ ಕೇಳಿಸಿತು. ಅಣ್ಣ ಮಾತ್ರ ರಾಡು ಒಳಗಿಟ್ಟು, "ಎಲ್ಲಾ ಬರೋಬ್ಬರಿ ಅದಾವು, ನಡಿ" ಅಂದ.

ನಾನು ಹೇಳಬಹುದಿತ್ತು. ಹೇಳಲಿಲ್ಲ. ಫಕ್ಕೀರಪ್ಪನಿಗೆ ಗಾಲಿಯ ಬಗ್ಗೆ ಹೇಳಲು ನಾನ್ಯಾರು? ಹಿರಿಯರು ತಪ್ಪಿದಾಗ ಸುಮ್ಮನಿರುವುದಕ್ಕೆ ನಮ್ಮಲ್ಲಿ ಮರ್ಯಾದೆ ಎಂದು ಹೆಸರು. ಆ ಮರ್ಯಾದೆ ಹೊತ್ತುಕೊಂಡು ಹಾನಗಲ್ಲಿನವರೆಗೂ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆ.

ಊರು ಮುಟ್ಟಿದಾಗ ಪಂಕ್ಚರ್ ಅಂಗಡಿಯ ಇಮಾಮಸಾಬ ದೂರದಿಂದಲೇ ಕೈ ಎತ್ತಿದ. "ಅಣ್ಣಾರ, ಒಳಗಿನ ಗಾಲಿ ಕುಂತೈತಲ್ರಿ. ಹಿಂಗ ಹೆಂಗ ಬಂದ್ರಿ?" ಅಣ್ಣ ಬಗ್ಗಿ ನೋಡಿದ. ಮುಖ ಸಣ್ಣದಾಯಿತು. ಭಾರ ಹೊತ್ತ ಜೋಡಿಗಾಲಿ ನಡುರಸ್ತೆಯಲ್ಲಿ ಒಡೆದಿದ್ದರೆ? ನನ್ನ ಪುಸ್ತಕಗಳ ಮಾತು ಬಿಡಿ.

ಆಗಲಾದರೂ ಬಾಯಿ ಬಿಟ್ಟೆನೇ? ಇಲ್ಲ. ಅದರ ಬದಲು ಮೊಬೈಲ್ ತೆಗೆದು ಆನ್‌ಲೈನಿನಲ್ಲಿ ಗಾಳಿ ತೋರಿಸುವ ಡಿಸ್‌ಪ್ಲೇ ತರಿಸಿದೆ. ಗಾಲಿಗೆ ಗಾಳಿ ತುಂಬುವ ಮೂತಿಗೆ ಸಣ್ಣ ಸೆನ್ಸರ್ ಕೂಡಿಸಿದರೆ, ಗಾಳಿ ಎಷ್ಟಿದೆ ಎಂದು ಸ್ಟೇರಿಂಗ್ ಮುಂದಿನ ಡಬ್ಬಿಯಲ್ಲಿ ಅಂಕಿ ಮೂಡುತ್ತದೆ. ಅಣ್ಣ ಡಬ್ಬಿ ಬಿಚ್ಚಿ ಸೆನ್ಸರ್ ಎಣಿಸಿದ. ನಾಲ್ಕು.

"ಇದು ಕಾರಿಂದು, ಗಿರಿಜಾ. ಉಳಿದ ಎರಡ ಗಾಲಿ ಏನ್ ಪಾಪ ಮಾಡ್ಯಾವು?"

ಅದನ್ನು ವಾಪಸ್ ಕಳಿಸಿ, ಮುಂದಿನ ಭಾನುವಾರ ಇಬ್ಬರೂ ಲಾರಿಯಲ್ಲೇ ಶಿಗ್ಗಾಂವಿಗೆ ಹೋದೆವು. ಹೈವೇ ಪಕ್ಕದ ಲಾರಿ ಸಾಮಾನಿನ ಅಂಗಡಿ. ನಡೆಸುವವಳು ಸವಣೂರಿನ ಶಬಾನಾ. ಕೌಂಟರಿನ ಮುಂದೆ ಆಗಲೇ ಇಬ್ಬರು ಡ್ರೈವರುಗಳು ನಿಂತಿದ್ದರು.

"ಬರ್ರಿ ಕಾಕಾ, ಕುಂದರ್ರಿ" ಎಂದು ಶಬಾನಾ ಮೊದಲು ಬಿಸಿಲಿನಿಂದ ಚಾರ್ಜ್ ಆಗುವ ಡಬ್ಬಿ ತೋರಿಸಿದಳು. ಆಮೇಲೆ ಹೊರಗೆ ಬಂದು ನಮ್ಮ ಲಾರಿ ನೋಡಿ ತಾನೇ ನಕ್ಕಳು. ಗಾಜಿನ ತುಂಬ ಬಣ್ಣದ ಗೊಂಡೆ, ಜರಿ ಝಾಲರು, ಹಾರ. "ಇಷ್ಟ ಶೃಂಗಾರ ಮಾಡೀರಿ, ಒಳಗ ಬಿಸಲ ಎಲ್ಲಿಂದ ಬರಬೇಕ್ರಿ?" ಗೊಂಡೆ ತೆಗೆಯಲು ಅಣ್ಣ ಒಪ್ಪುವವನಲ್ಲ. ಸೋಲಾರ್ ಬಾದ್ ಆಯಿತು.

ಎರಡನೆಯದಕ್ಕೆ ವೈರು. ಲಾರಿ ಬ್ಯಾಟರಿಯ ಇಪ್ಪತ್ನಾಲ್ಕು ವೋಲ್ಟಿಗೆ ನಡೆಯುತ್ತದೆ, ಆರು ಸೆನ್ಸರ್ ಇವೆ. "ಇದರಾಗ ಮುಖ್ಯ ಬಜರ್ ಕಾಕಾ. ಗಾಳಿ ಇಳದ್ರ ಕೂಗತೈತಿ" ಎಂದು ಶಬಾನಾ ಗುಂಡಿ ಒತ್ತಿದಳು. ಕೀಂ ಕೀಂ ಎಂದು ಸಣ್ಣ ದನಿಯಲ್ಲಿ ಶುರುವಾಯಿತು. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಅಣ್ಣ ಡಬ್ಬಿಯನ್ನೇ ನೋಡುತ್ತ ನಿಂತಿದ್ದ. "ಹೂಂ, ಕೂಗಸ್ರಿ ನೋಡೂಣು."

ಅದು ಕೂಗುತ್ತಲೇ ಇತ್ತು.

ಶಬಾನಾ ನನ್ನ ಮುಖ ನೋಡಿದಳು. ಆ ಇಬ್ಬರು ಡ್ರೈವರುಗಳೂ ನೋಡಿದರು. ನಾನು ಹಳೆಯ ಚಾಳಿಯಂತೆ, "ಸಪ್ಪಳ ಭಾಳ ಸಣ್ಣದೈತಿ ಅಣ್ಣಾ, ನನಗೂ ಕೇಳಲಿಲ್ಲ" ಅಂದುಬಿಟ್ಟೆ.

ಅಣ್ಣ ನನ್ನ ಕಡೆ ತಿರುಗಿದ. "ಸುಳ್ಳ ಹೇಳಬ್ಯಾಡ. ಅವತ್ತ ಚಿಕ್ಕೇರೂರಾಗೂ ನಿನಗ ಕೇಳಿತ್ತು, ಹೌದಿಲ್ಲ?"

ಹೌದು ಎಂದೆ.

"ಮತ್ತ ಯಾಕ ಸುಮ್ನ ಕುಂತಿ?"

ದಿನವೂ ಐವತ್ತು ಮಕ್ಕಳಿಗೆ ಪ್ರಶ್ನೆ ಕೇಳುವವಳು ನಾನು. ನನ್ನ ಸರದಿ ಬಂದಾಗ ಡಬ್ಬಿಯ ಗುಂಡಿ ಒತ್ತಿ ಕೂಗು ನಿಲ್ಲಿಸಿದೆ.

ಅಣ್ಣ ದನಿ ತಗ್ಗಿಸಲಿಲ್ಲ. ಅಂಗಡಿಗೆಲ್ಲ ಕೇಳುವಂತೆ ಹೇಳಿದ: "ನೋಡವ್ವಾ ಶಬಾನಾ, ಹಾರ್ನ್ ಕೇಳ್ತೈತಿ, ಮಾತು ಕೇಳ್ತೈತಿ. ಇಂಥಾ ಸಣ್ಣ ದನಿ ಕೇಳೂದಿಲ್ಲ, ಠಣ್ಣೂ ದಬ್ಬೂ ಒಂದ ಆಗ್ಯಾವು. ವರ್ಷಾತು. ಯಾರಿಗೂ ಹೇಳಿದ್ದಿಲ್ಲ. ಕಣ್ಣಿಗೆ ಕಾಣೂದು ಇದ್ರ ತೋರ್ಸು."

ಮೂವತ್ತು ವರ್ಷ ಕಿವಿಯಿಂದಲೇ ಹೆಸರು ಮಾಡಿದ ಮನುಷ್ಯ, ತನ್ನಂಥ ಡ್ರೈವರುಗಳ ಮುಂದೆಯೇ ಆಡಿದ ಮಾತಿದು. ಆರು ಗಾಲಿ ಬಡಿದು ಹೇಳಿದಾಗ ಎಂದೂ ಪಡದಷ್ಟು ಹೆಮ್ಮೆ ಅವತ್ತು ಪಟ್ಟೆ. ಕಣ್ಣು ತುಂಬಿ ಬಂತು ಅಂತ ಬರೆಯಲು ನನಗೇನೂ ನಾಚಿಕೆಯಿಲ್ಲ.

ಶಬಾನಾ ಮೂರನೆಯ ಡಬ್ಬಿ ತೆಗೆದಳು. ಅಂಗೈ ಅಗಲದ ಪರದೆ, ಲಾರಿಯ ಚಿತ್ರ, ಆರು ಕಡೆ ದಪ್ಪ ಅಂಕಿ. ಗಾಳಿ ಇಳಿದರೆ ಪರದೆಯೇ ಕೆಂಪಾಗಿ ಮಿಣುಕುತ್ತದೆ. "ಬೆಳಿಗ್ಗೆ ಗಾಲಿ ತಣ್ಣಗಿದ್ದಾಗ ಲೆಕ್ಕ ಹಿಡೀರಿ ಕಾಕಾ. ಓಡಿದ ಮ್ಯಾಲೆ ಅಂಕಿ ಏರ್ತಾವು, ಹೆದರಿ ಗಾಳಿ ಬಿಡಬ್ಯಾಡ್ರಿ" ಅಂದಳು. "ಅದು ನನಗ ಗೊತ್ತೈತಿ ಬಿಡು" ಎಂದ ಅಣ್ಣ. (ಜಂಬ ಪೂರ್ತಿ ಹೋಗಿರಲಿಲ್ಲ. ಹೋಗಲೂ ಬಾರದು.)

ನಾವು ಅದನ್ನೇ ಕೊಂಡು ಹೊರಡುವಾಗ, ಅಲ್ಲಿದ್ದ ಇಬ್ಬರಲ್ಲಿ ದಪ್ಪ ಮೀಸೆಯ ಡ್ರೈವರು ಶಬಾನಾಳ ಕಡೆ ಬಾಗಿ ಮೆಲ್ಲಗೆ ಕೇಳಿದ. "ಅಂಥಾದ್ದ ಇನ್ನೊಂದ ಐತೇನ್ರಿ?"

ಅದೇ ವಾರ ಅಣ್ಣ ಹಾವೇರಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದ. ಡಬ್ಬಿ ಈಗ ಸ್ಟೇರಿಂಗ್ ಮುಂದೆ, ದೇವರ ಫೋಟೋದ ಪಕ್ಕದಲ್ಲಿದೆ. ರಾಡು ಬಿಟ್ಟಿಲ್ಲ. ಮೊನ್ನೆ ನಾನು ಹತ್ತಿದಾಗಲೂ ಆರು ಗಾಲಿ ಬಡಿದ. ಆಮೇಲೆ ಕಿಟಕಿಯ ಕೆಳಗೆ ನಿಂತು, "ಗಿರಿಜಾ, ನಿನಗ ಹೆಂಗ ಕೇಳ್ತು?" ಎಂದು ಕೇಳಿದ.

ಕಿವಿ ಮಂದವಾದವನಿಗೆ ಡಿಸ್‌ಪ್ಲೇ ಸಿಕ್ಕಿತು. ಕೇಳಿಸಿಯೂ ಸುಮ್ಮನೆ ಕೂರುವ ನಮ್ಮಂಥವರಿಗೆ ಯಾವ ಅಂಗಡಿ ಹುಡುಕೋಣ?