ಡಿಜೆಯ ಕಿವಿ, ಅಕ್ಕನ ರೊಟ್ಟಿ

ಇವತ್ತು ಬೆಳಿಗ್ಗೆ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿ ದೂಳು ಒರೆಸುತ್ತ ಕೂತಿದ್ದೆ. ಒಳಗಿನಿಂದ ಅಕ್ಷತೆ ಕಾಳು, ಒಣಗಿದ ಸೇವಂತಿಗೆ ಎಸಳು, ಜೊತೆಗೆ ಮಿರ್ಚಿ ಬಜಿಯ ಒಂದು ತುಂಡು ಹೊರಬಂದವು. ಹಳೆಯ ಎಣ್ಣೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ಹಿಂದಿನ ವರ್ಷದ ನನ್ನ ಹೊಟ್ಟೆ ನೆನಪಾಯಿತು. ವಾಸನೆಯಿಂದ ಉಳಿದವರಿಗೆಲ್ಲ ಬಾಲ್ಯ ನೆನಪಾಗುತ್ತದಂತೆ. ನನಗೆ ಹೊಟ್ಟೆ.

ನಾನು ಸವಣೂರಿನವನು, ಕಸುಬಿನಿಂದ ಡಿಜೆ. ಮೆರವಣಿಗೆಯ ಗಾಡಿಯ ಮೇಲೆ ನಿಂತವನಿಗೆ ಊಟವೆಂದರೆ ಕೆಳಗಿನಿಂದ ಯಾರಾದರೂ ಎತ್ತಿ ಕೊಟ್ಟದ್ದು: ಬಜಿ, ಗಿರಮಿಟ್ಟು, ಲಾಡು. ಹೊಟ್ಟೆ ಎಷ್ಟು ಮುಂದೆ ಬಂದಿತ್ತೆಂದರೆ, ಮಿಕ್ಸರಿನ ಗುಂಡಿಗಳಿಗೆ ತಾಗಿ ಬಾಸು ತಾನಾಗಿಯೇ ಏರುತ್ತಿತ್ತು. ಜನ ಅದನ್ನು ನನ್ನ ಕೈಚಳಕವೆಂದು ತಿಳಿದು ಶಿಳ್ಳೆ ಹಾಕುತ್ತಿದ್ದರು.

ಹಾಡುಗಳ ಗತಿಯೂ ಅದೇ. ಶಿಗ್ಗಾವಿಯಲ್ಲಿ ಹಾಕಿದ್ದನ್ನೇ ಅದೇ ಸಾಲಿನಲ್ಲಿ ಹಿರೇಕೆರೂರಿನಲ್ಲೂ ಹಾಕುತ್ತಿದ್ದೆ. ಎರಡೂ ಮದುವೆಗೆ ಬಂದಿದ್ದ ಬೀಗರೊಬ್ಬರು ಗಾಡಿಯ ಪಕ್ಕ ನಿಂತು, ಮುಂದೆ ಬರುವ ಹಾಡು ಯಾವುದೆಂದು ಸುತ್ತಲಿನವರಿಗೆ ಮೊದಲೇ ಹೇಳತೊಡಗಿದರು. ಒಂದೂ ತಪ್ಪಲಿಲ್ಲ. ನನಗೆ ಸಿಟ್ಟು ಬಂತು, ಆದರೆ ಸಾಲು ಬದಲಿಸುವ ಹುರುಪು ಬರಲಿಲ್ಲ.

ಇದರ ನಡುವೆ ಕಿವಿ ಕೈಕೊಟ್ಟಿತು. ಸ್ಪೀಕರ್ ಬಂದ್ ಆದ ಮೇಲೂ ತಲೆಯೊಳಗೆ ಕುಂಯ್ ಎನ್ನುವ ಸದ್ದು ನಿಲ್ಲುತ್ತಿರಲಿಲ್ಲ. ಹೆಂಡತಿ ಹಾಲು ತರಲು ಹೇಳಿದರೆ ಹೂವು ತಂದೆ. ಅವಳಿಗೆ ಬಹಳ ಸಂತೋಷವಾಯಿತು. ಮರುದಿನ ಹೂವು ಕೇಳಿದಳು, ಹಾಲು ತಂದೆ. ಅನುಮಾನ ಬಂದದ್ದು ಆಗಲೇ.

ಅವಳು ಎಳೆದುಕೊಂಡು ಹೋದದ್ದು ಹಾವೇರಿಯ ಕಿವಿ ಡಾಕ್ಟರ ಹತ್ತಿರ. ಅವರು ದೀಪ ಹಿಡಿದು ನೋಡಿ ಹೇಳಿದರು: "ಕಿವಿಯೊಳಗ ಸಣ್ಣ ಸಣ್ಣ ಕೂದಲು ಇರ್ತಾವ್ರಿ, ಪೈರು ಇದ್ದಂಗ. ನೀವು ಅದರ ಮ್ಯಾಲ ದಿನಾ ಟ್ರ್ಯಾಕ್ಟರ್ ಹೊಡ್ಯಾಕತ್ತೀರಿ. ಸತ್ತು ಹೋದ್ರ ಮತ್ತ ಬಿತ್ತಾಕ ಬರಂಗಿಲ್ಲ. ಸ್ವಲ್ಪ ದಿನ ಸದ್ದಿಲ್ಲದ ಕಡೆ ಇರ್ರಿ."

ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಕಿವಿ ಹೋದ ಡಿಜೆಯನ್ನು ಯಾರು ಕರೆಯುತ್ತಾರೆ?

ಸದ್ದಿಲ್ಲದ ಕಡೆ ಎಂದು ರಟ್ಟೀಹಳ್ಳಿಯ ಅಕ್ಕನ ಮನೆಗೆ ಹೋದೆ. ಪಕ್ಕದಲ್ಲೇ ಹೊಸದಾಗಿ ಹಿಟ್ಟಿನ ಗಿರಣಿ ಆಗಿದೆಯೆಂದು ಅಕ್ಕ ಹೇಳಿರಲಿಲ್ಲ. ಬೆಳಗಾಗುತ್ತಲೇ ಅದು ಶುರುವಾಯಿತು. ನಾನು ಹಾಸಿಗೆಯಿಂದ ಎದ್ದು ಕೂತೆ. ಅಕ್ಕ ಸೆರಗು ಸಿಗಿಸಿಕೊಂಡು ಗಿರಣಿಯ ಖಾದರಸಾಬರ ಹತ್ತಿರ ನ್ಯಾಯಕ್ಕೆ ಹೋದಳು. ಅವರು ಬಹಳ ಮರ್ಯಾದೆಯಿಂದಲೇ ಕೇಳಿದರು: "ನಿಮ್ಮ ತಮ್ಮನ ಕಿವಿ ಸಲುವಾಗಿ ಊರ ಮಂದಿ ಜ್ವಾಳಾ ಬೀಸಲಾರದ ಹಂಗ ತಿನ್ನಬೇಕೇನ್ರಿ, ಅಕ್ಕಾರ?"

ಕೊನೆಗೆ ಮನೆ ಬಿಟ್ಟು ಹೊರಬೀಳುವ ಸರದಿ ನನ್ನದೇ ಆಯಿತು. ಗಿರಣಿ ತಿರುಗುವಷ್ಟು ಹೊತ್ತೂ ಹೊಲದ ದಾರಿಯಲ್ಲಿ ನಡೆಯುವುದು, ದಣಿವಾದರೆ ಕದಂಬೇಶ್ವರ ಗುಡಿಯ ಕಂಬಕ್ಕೆ ಒರಗುವುದು. ಆರೋಗ್ಯಕ್ಕೆಂದು ನಡೆದದ್ದಲ್ಲ, ಗಿರಣಿಗೆ ಹೆದರಿ ನಡೆದದ್ದು. ಆದರೂ ಹೊಟ್ಟೆಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಅದು ಪಾಪ, ಕರಗಿತು. ಅಕ್ಕನ ಮನೆಯಲ್ಲಿ ಕರಿದದ್ದೂ ಇರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯೆ, ಮಜ್ಜಿಗೆ, ಅದೂ ಕೂತು ಉಣ್ಣುವುದು.

ಒಂದು ದಿನ ನಡೆದು ಬಂದು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ. ಗಿರಣಿ ನಿಂತಿತ್ತು. ತಲೆಯೊಳಗಿನ ಕುಂಯ್ ಕೂಡ ಇಲ್ಲವೆಂದು ಥಟ್ಟನೆ ಗೊತ್ತಾಯಿತು. ಆ ಖಾಲಿಯಲ್ಲಿ ಅಡುಗೆಮನೆಯಿಂದ ಒಂದು ತಾಳ ಕೇಳಿಬಂತು. ಮೊದಲು ನಿಧಾನ, ಆಮೇಲೆ ಚುರುಕು, ನಡುವೆ ಬಳೆ, ಕೊನೆಗೆ ಹಂಚಿನ ಮೇಲೆ ಒಂದು ಛಟ್. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಹಳ ದಿನಗಳ ಮೇಲೆ ನನ್ನ ಕಾಲು ತಾನಾಗಿ ಕುಣಿಯಿತು. ಮೊಬೈಲ್ ಹಿಡಿದು ಒಳಗೆ ಓಡಿದೆ.

"ಏನ್ ಮಾಡಾಕತ್ತೀಯೋ?"

"ರೆಕಾರ್ಡ್ ಮಾಡಾಕತ್ತೇನಿ, ಅಕ್ಕಾ."

"ತಡಿ, ಸೀರಿ ಬದಲಿಸಿ ಬರ್ತೇನಿ."

"ಬರೇ ಸಪ್ಪಳ ಅಕ್ಕಾ, ಮಾರಿ ಬರಂಗಿಲ್ಲ."

"ಬರದಿದ್ರೇನಾತು, ಹಳೇ ಸೀರ್‍ಯಾಗ ಬ್ಯಾಡ," ಎಂದು ಸೀರೆ ಬದಲಿಸಿಯೇ ಬಂದಳು.

ಡಾಕ್ಟರು ಮತ್ತೆ ನೋಡಿ, ಸದ್ದು ಇಳಿಸಿ ಕೆಲಸ ಮಾಡಬಹುದೆಂದರು. ಮೊದಲ ಮದುವೆ ಚಿಕ್ಕೇರೂರಿನಲ್ಲಿ, ಅಕ್ಕನ ನೆಂಟರದೇ. ಕಿವಿಗೆ ಬಿರಡೆ ಹಾಕಿಕೊಂಡು ಮೆಲ್ಲಗೆ ಶುರು ಮಾಡಿದೆ. ಮದುಮಗನ ಗೆಳೆಯರು ಗಾಡಿಗೆ ಮುತ್ತಿಗೆ ಹಾಕಿದರು. "ಎದಿ ನಡುಗಬೇಕ್ರಿ ಡಿಜೆ. ಇಲ್ಲಾಂದ್ರ ಬ್ಯಾರೇದವರನ್ನ ಕರಿಸ್ತೇವಿ."

ಬಾಸಿನ ಗುಂಡಿ ಹತ್ತಿರವೇ ಇತ್ತು. ಅದನ್ನು ಮುಟ್ಟದೆ, ಹಾಳಾಗಲಿ ಎಂದು ಅಕ್ಕನ ರೊಟ್ಟಿಯ ತಾಳವನ್ನು ಬಿಟ್ಟೆ.

ಡಿಜೆ ಎಂಬ ಹೆದರಿಕೆಗೆ ಮೊದಲೇ ಕಿವಿ ಮುಚ್ಚಿಕೊಂಡು ದೂರ ನಿಂತಿದ್ದ ಹೆಂಗಸರು ಕೈ ತೆಗೆದರು. ಕೆಲವರು ಅಡುಗೆಯ ಪೆಂಡಾಲಿನ ಕಡೆ ತಿರುಗಿ ನೋಡಿದರು. ಒಬ್ಬ ಅಜ್ಜಿ ತಲೆ ಓರೆ ಮಾಡಿ ಕೇಳಿ ತೀರ್ಪು ಕೊಟ್ಟಳು: "ಯಾರೋ ರೊಟ್ಟಿ ಬಡ್ಯಾಕತ್ತಾರ. ಹಿಟ್ಟು ಗಟ್ಟಿ ಆತು, ನೀರು ಸಾಲದು."

ಗುಂಪಿನಿಂದ ಅಕ್ಕ ಮುಂದೆ ಬಂದಳು. "ನನ್ನ ಹಿಟ್ಟಿಗೆ ಏನಾಗೇತ್ರಿ, ಯವ್ವಾ? ನೀವು ಬಡಿದು ತೋರಸ್ರಿ ನೋಡೋಣ."

ಅಜ್ಜಿ ಗಾಳಿಯಲ್ಲೇ ಬಡಿದು ತೋರಿಸಿದಳು. ಅಕ್ಕ ತಾನೂ ಬಡಿದಳು. ಸುತ್ತ ನಿಂತವರಿಗೂ ತಮ್ಮ ತಮ್ಮ ಪದ್ಧತಿ ತೋರಿಸುವ ಉಮೇದು ಬಂತು. ನೋಡನೋಡುತ್ತ ಆ ಜಗಳ ಕುಣಿತವಾಯಿತು. ಗೆಳೆಯರು ಮತ್ತೊಮ್ಮೆ ನನ್ನ ಕಡೆ ಬರಲು ನೋಡಿದರು. ಆದರೆ ನಡುವೆ ಕುಣಿಯುತ್ತಿದ್ದವರು ಅವರ ತಾಯಂದಿರೇ. ದಾಟಿ ಬರುವ ಧೈರ್ಯ ಯಾರಿಗೂ ಇರಲಿಲ್ಲ.

ಅಂದಿನಿಂದ ಊರೂರಿನ ಸಪ್ಪಳ ಹುಡುಕುತ್ತ ನಡೆಯುವುದೇ ನನ್ನ ವ್ಯಾಯಾಮ. ಬಲಗಿವಿ ಪೂರ್ತಿ ಸುಧಾರಿಸಿಲ್ಲ. ಎಡಗಿವಿ ಅದರ ಪಾಲನ್ನೂ ನೋಡಿಕೊಳ್ಳುತ್ತದೆ.

ಇವತ್ತು ಮಧ್ಯಾಹ್ನ ಹಾನಗಲ್ಲಿನಲ್ಲಿ ಮದುವೆಯಿತ್ತು. ಹಾಡು ನಡೆದಿತ್ತು, ಜನ ಕುಣಿಯುತ್ತಿದ್ದರು. ಆಗ ಸ್ಪೀಕರಿನ ಮಗ್ಗುಲಲ್ಲೇ ಕುರ್ಚಿ ಹಾಕಿಕೊಂಡಿದ್ದ ಹಿರಿಯರೊಬ್ಬರು, ತಲೆಗೆ ಸುತ್ತಿದ ಪಟಗ ಮುಖದ ಮೇಲೆ ಜಾರಿ, ಗೊರಕೆ ಹೊಡೆಯುತ್ತಿರುವುದು ಕಾಣಿಸಿತು. ಮೊದಲಾಗಿದ್ದರೆ ಡಿಜೆಯ ಮುಂದೆ ನಿದ್ದೆಯೇ ಎಂದು ಅವಮಾನವಾಗುತ್ತಿತ್ತು. ನಾನು ಸುಮ್ಮನೆ ಕೈ ಚಾಚಿ, ಅವರಿಗೆ ಎಚ್ಚರವಾಗದಂತೆ, ಸದ್ದನ್ನು ಇನ್ನೊಂದಿಷ್ಟು ಇಳಿಸಿದೆ.